ಬಾಗಿಲ ಪಕ್ಕದ ಕರಿ ತಂತಿ

"ಅಯ್ಯಯ್ಯೋ, ಬನ್ರವ್ವಾ! ನಮ್ಮನೆ ಇತ್ಲಲ್ಲಿ ಮಾಟ ಮಾಡ್ತಾವ್ನೆ!"

ಕೆಂಪಾಜಮ್ಮನ ಕೂಗಿಗೆ ಬೀದಿಯ ಹೆಂಗಸರೆಲ್ಲ ಓಡಿ ಬಂದರು. ನಾನು ಎದೆಮಟ್ಟದ ಗುಂಡಿಯೊಳಗೆ ನಿಂತಿದ್ದೆ. ದಡದ ಮೇಲೆ ಒಂದು ತಾಮ್ರದ ತಗಡು, ಒಂದು ಮಂಕರಿ ಇದ್ದಿಲು, ಒಂದು ಚೀಲ ಕಲ್ಲುಪ್ಪು. ಆ ಮುದುಕಿಯ ಜಾಗದಲ್ಲಿ ನಾನಿದ್ದರೂ ಹಾಗೇ ಕೂಗುತ್ತಿದ್ದೆನೇನೋ.

ಕೃಷ್ಣರಾಜನಗರಕ್ಕೆ ಆಗ ಕರೆಂಟು ಬಂದ ಹೊಸತು. ನಾನು ಮಿರ್ಲೆಯವನು, ಹೆಸರು ಅಂಕಯ್ಯ. ಹಗಲು ಮನೆಗಳಿಗೆ ದೀಪದ ತಂತಿ ಎಳೆಯುವುದು, ಬುಧವಾರ ಮತ್ತು ಶನಿವಾರ ಸಂಜೆ ಸ್ಕೂಲಿನ ಕೋಣೆಯಲ್ಲಿ ಕ್ಲಾಸು. ಸೂಪರ್‌ವೈಸರ್ ನೀಲಕಂಠಸ್ವಾಮಿಯವರು ಮೈಸೂರಿನಿಂದ ರೈಲಿನಲ್ಲಿ ಬಂದು ಪಾಠ ಹೇಳುತ್ತಿದ್ದರು. ಪರೀಕ್ಷೆ ಪಾಸಾದವರಿಗೆ ಸ್ವಂತ ಹೆಸರಿನಲ್ಲಿ ಕೆಲಸ ಮಾಡಲು ಸರ್ಕಾರದ ಪರ್ಮಿಟ್. ಅಲ್ಲಿಯವರೆಗೆ ಅವರ ಹೆಸರಿನಲ್ಲೇ ನಮ್ಮ ಕೆಲಸ.

"ಮಾಟ ಅಲ್ಲ ಕಣವ್ವ. ಇದು ಕರೆಂಟಿಗೆ ಬೇಕಾದ್ದು," ಎಂದೆ.

"ಕರೆಂಟು ಉಪ್ಪು ತಿಂತದೇನ್ಲಾ?"

ಹೆಂಗಸರು ನಕ್ಕರು. ನಗದೆ ನಿಂತವಳು ಒಬ್ಬಳೇ, ಕೆಂಪಾಜಮ್ಮನ ಮೊಮ್ಮಗಳು ಚಿಕ್ಕಸಿದ್ದಮ್ಮ. ಅವಲಕ್ಕಿಯ ಮೊರವನ್ನು ಸೊಂಟಕ್ಕಿಟ್ಟುಕೊಂಡು ಹಿತ್ತಿಲ ಬಾಗಿಲಿಗೆ ಒರಗಿದ್ದಳು. ರೆಪ್ಪೆಯ ಮೇಲೆಲ್ಲ ತೌಡಿನ ಹುಡಿ.

"ಯಾಕೆ ಉಪ್ಪು ಆಕ್ತೀರಿ?" ಎಂದಳು.

"ಮೇಷ್ಟ್ರು ಆಕು ಅಂದವ್ರೆ."

"ಯಾಕೆ ಅಂತ ನೀವು ಕೇಳ್ನಿಲ್ವಾ?"

ಕೇಳಿರಲಿಲ್ಲ. ಕ್ಲಾಸಿನಲ್ಲಿ ಪ್ರಶ್ನೆ ಕೇಳಿದರೆ ದಡ್ಡನೆಂದುಕೊಂಡಾರು ಎಂಬ ಹೆದರಿಕೆ ನನಗೆ ಮೊದಲಿನಿಂದಲೂ ಇತ್ತು. ಏನಾದರೊಂದು ಹೇಳಿಬಿಡಬಹುದಾಗಿತ್ತು. ಆದರೆ ಆ ಕಣ್ಣುಗಳ ಎದುರು ಸುಳ್ಳು ಬಾಯಿಗೆ ಬರಲಿಲ್ಲ.

"ಗೊತ್ತಿಲ್ಲ. ಶನಿವಾರ ಕೇಳ್ಕಂಡು ಬತ್ತೀನಿ."

"ಅಂಗಾರೆ ಶನಿವಾರದ ಗಂಟ ಗುಂಡಿ ಮುಚ್ಬೇಡಿ," ಎಂದು ಅವಳು ಒಳಗೆ ಹೋದಳು.

ಆ ಮನೆಯಲ್ಲಿ ಮಾಟದ ಮಾತು ಹಗುರವಾದದ್ದಲ್ಲ ಎಂದು ಆಮೇಲೆ ತಿಳಿಯಿತು. ಕೆಂಪಾಜಮ್ಮನ ಮಗಳು, ಅಳಿಯ ಇಬ್ಬರನ್ನೂ ಒಂದೇ ವಾರದಲ್ಲಿ ಪ್ಲೇಗು ಕೊಂಡೊಯ್ದಿತ್ತು. ಅದು ಯಾರೋ ಮಾಡಿಸಿದ್ದು ಎಂದೇ ಆಕೆಯ ನಂಬಿಕೆ. ಉಳಿದದ್ದು ಅವಲಕ್ಕಿ ಕುಟ್ಟುವ ಒನಕೆ ಮತ್ತು ಆಗ ಮೂರು ವರ್ಷದವಳಾಗಿದ್ದ ಈ ಮೊಮ್ಮಗಳು.

ಶನಿವಾರ ಕ್ಲಾಸಿನಲ್ಲಿ ಮೊದಲ ಸಲ ಎದ್ದು ನಿಂತೆ. ಸೋಮವಾರ ಹೋಗಿ ಹೇಳಿದೆ. ಉಪ್ಪು, ಇದ್ದಿಲು ನೆಲದ ಪಸೆಯನ್ನು ಹಿಡಿದಿಡುತ್ತವೆ. ತಂತಿ ಎಲ್ಲಾದರೂ ಕಬ್ಬಿಣಕ್ಕೆ ತಾಗಿದರೆ ಕರೆಂಟು ಮನುಷ್ಯನ ಮೈಗೆ ಬರದೆ ಆ ಹಸಿ ನೆಲಕ್ಕೆ ಇಳಿದುಹೋಗುತ್ತದೆ.

"ಅಂಗಾದ್ರೆ ಇದು ನಮ್ಮನ್ನ ಕಾಯಕ್ಕೆ ಇರೋದು," ಎಂದಳು ಚಿಕ್ಕಸಿದ್ದಮ್ಮ ಅಜ್ಜಿಯತ್ತ ತಿರುಗಿ.

ಕೆಂಪಾಜಮ್ಮ ಗುಂಡಿಯೊಳಗೆ ಬಗ್ಗಿ ನೋಡಿದರು. "ಮುಚ್ಚು. ಆದ್ರೆ ಒಂದು ಮಾತು. ನಿನ್ ತಾವ ಎರಡು ಬಣ್ಣದ ತಂತಿ ಅದೆ ಅಲ್ವಾ? ಬಾಗ್ಲ ಪಕ್ಕ ಕರಿದು ಬರ್ಲಿ. ದೃಷ್ಟಿ ತಾಗಲ್ಲ. ಕೆಂಪುದು ಬ್ಯಾಡ."

ಸ್ವಿಚ್ಚು ಇರುವುದು ಬಾಗಿಲ ಪಕ್ಕ. ಸ್ವಿಚ್ಚಿಗೆ ಕೆಂಪು ತಂತಿ ಎಂದು ಪುಸ್ತಕದಲ್ಲಿತ್ತು. ಕಾರಣ ಬರೆದಿರಲಿಲ್ಲ. ಬಣ್ಣದ ವಿಷಯ ತಾನೇ, ಯಾವುದಾದರೂ ದೀಪ ಹತ್ತುತ್ತದೆ ಎಂದುಕೊಂಡೆ. ಆ ಮುದುಕಿಯ ಮನಸ್ಸು ಮತ್ತೆ ನೋಯುವುದು ಬೇಡವಾಗಿತ್ತು. ಇನ್ನೂ ನಿಜ ಹೇಳಬೇಕೆಂದರೆ, ಮೊರದ ಹಿಂದಿನ ಆ ಮುಖಕ್ಕೆ ಬೇಸರವಾಗಬಾರದಿತ್ತು.

ದೀಪ ಹತ್ತಿತು. ಚಿಕ್ಕಸಿದ್ದಮ್ಮ ಕೈಯನ್ನು ಹಣೆಗೆ ಅಡ್ಡ ಹಿಡಿದು ದೀಪ ನೋಡಿದಳು, ಆಮೇಲೆ ಆ ಕೈಯ ಕೆಳಗಿನಿಂದ ನನ್ನನ್ನು ನೋಡಿದಳು. ಬೀದಿಯ ಇನ್ನೂ ಹತ್ತು ಮನೆಯವರು, "ಕೆಂಪಾಜಮ್ಮನ ಮನೇಲಿ ಆಕ್ದಂಗೆ ಕರಿದೇ ಆಕು," ಎಂದರು. ಹಾಗೇ ಹಾಕಿದೆ.

ಆಮೇಲೆ ಆ ಬೀದಿಯಲ್ಲಿ ಹಾದುಹೋಗುವಾಗೆಲ್ಲ ಒಂದು ಪ್ರಶ್ನೆ ಕಾದಿರುತ್ತಿತ್ತು. ಫ್ಯೂಸು ಯಾಕೆ ಸಣ್ಣ ತಂತಿ? ಬಲ್ಬಿನೊಳಗೆ ಗಾಳಿ ಯಾಕಿಲ್ಲ? ಅವಳು ನನ್ನನ್ನು ನೇರವಾಗಿ ನೋಡುತ್ತಿರಲಿಲ್ಲ. ಅವಲಕ್ಕಿ ಕೇರುವಾಗ ಹಾರಿದ ಹೊಟ್ಟು ಎತ್ತ ಹೋಯಿತೆಂದು ನೋಡುವ ನೆಪದಲ್ಲಿ ಒಮ್ಮೆ ಕಣ್ಣೆತ್ತುತ್ತಿದ್ದಳು. ಗಾಳಿ ಯಾವ ಕಡೆ ಬೀಸಿದರೂ ಆ ಹೊಟ್ಟು ನಾನು ನಿಂತ ಕಡೆಗೇ ಹಾರುತ್ತಿತ್ತು.

"ನಿಮ್ಮ ಮೇಷ್ಟ್ರಿಗೆ ನನ್ನ ಪ್ರಶ್ನೆ ಅಂತ ಯೋಳ್ತೀರೋ, ನಿಮ್ಮುದು ಅಂತ ಯೋಳ್ತೀರೋ?"

"ನಂದು ಅಂತ."

"ಕಳ್ರು!" ಎಂದು ನಕ್ಕಳು. ಆ ನಗುವನ್ನು ಮಿರ್ಲೆಯವರೆಗೂ ಸೈಕಲ್ಲಿನ ಮೇಲೆ ಕೊಂಡೊಯ್ದೆ.

ಅವಳ ಪ್ರಶ್ನೆಗಳಿಂದಲೇ ನಾನು ಪಾಸಾದೆ. ಶ್ರಾವಣದಲ್ಲಿ ಪರ್ಮಿಟ್ ಬಂತು. ನಮ್ಮವ್ವ ಎಲೆ ಅಡಿಕೆ ಹಿಡಿದು ಹೆಣ್ಣು ಕೇಳಲು ಹೋದಳು.

"ಆರನಳ್ಳಿ ಕಡೆಯೋರೂ ಕೇಳ್ತಾವ್ರೆ," ಎಂದರು ಕೆಂಪಾಜಮ್ಮ. "ನಂಗೆ ವಯಸ್ಸಾಯ್ತು. ನನ್ನ ಕೂಸಿಗೆ ಗಟ್ಟಿ ನೆಲೆ ಬೇಕು. ನಿನ್ನ ಮಗನಿಗೆ ಸರ್ಕಾರದ ಕಾಗ್ದ ಅದೆ. ಅದ್ಕೆ ಒಪ್ಕತೀನಿ. ದೀಪಾವಳಿ ಕಳೀಲಿ."

ಪರ್ಮಿಟ್ ಕೊಟ್ಟ ದಿನ ನೀಲಕಂಠಸ್ವಾಮಿಯವರು, "ಕಾಗದ ಸಿಕ್ಕಿತು ಅಂತ ಪಾಠ ಮುಗೀಲಿಲ್ಲ. ಬುಧವಾರದ ಕ್ಲಾಸಿಗೆ ಬರ್ತಾ ಇರಿ," ಎಂದಿದ್ದರು. ಪಾಸಾದ ಒಂಬತ್ತು ಜನರಲ್ಲಿ ಬರುತ್ತಿದ್ದವರು ಮೂವರು. ಮಿಕ್ಕವರು ದಾರಿಯಲ್ಲಿ ಸಿಕ್ಕರೆ, "ಏನ್ಲಾ ಅಂಕ, ಮದ್ವೆ ಗಂಡು ಇನ್ನೂ ಸ್ಲೇಟು ಇಡ್ಕಂಡವ್ನಲ್ಲೋ!" ಎನ್ನುತ್ತಿದ್ದರು.

ಮಹಾನವಮಿಗೆ ಎಲ್ಲರೂ ಮನೆ ತೊಳೆಯುತ್ತಿದ್ದ ವಾರ. ಬುಧವಾರ ಮಧ್ಯಾಹ್ನ ಚಿಕ್ಕಸಿದ್ದಮ್ಮ ಬಾಗಿಲಲ್ಲಿ ತಡೆದು ಕೇಳಿದಳು: "ಅಬ್ಬಕ್ಕೆ ಬಲ್ಬು, ಅದರ ಬುಡ ಎಲ್ಲಾ ಒರೆಸ್ಬೇಕು. ಸ್ವಿಚ್ಚು ಆರಿಸಿದ್ರೆ ಕರೆಂಟು ಎಲ್ಲಿ ನಿಂತ್ಕತದೆ?"

"ಸ್ವಿಚ್ಚಲ್ಲೇ," ಎಂದೆ. ನಾಲ್ಕು ಹೆಜ್ಜೆ ಹೋದಮೇಲೆ ನನ್ನ ಮಾತು ನನಗೇ ಅನುಮಾನವಾಯಿತು.

ಸಂಜೆ ಕ್ಲಾಸಿನಲ್ಲಿ ಕೇಳಿದೆ. ಮೇಷ್ಟ್ರಿಗೆ ಸಂತೋಷವಾಯಿತು. ಬೋರ್ಡಿನ ಮೇಲೆ ಎರಡು ಗೆರೆ ಎಳೆದರು. "ಕರೆಂಟು ಬರೋದು ಕೆಂಪು ತಂತಿಯಲ್ಲಿ, ವಾಪಸ್ ಹೋಗೋದು ಕರಿಯದರಲ್ಲಿ. ಸ್ವಿಚ್ಚು ಕೆಂಪಿಗೆ ಹಾಕಿದ್ರೆ ಸ್ವಿಚ್ಚಲ್ಲೇ ನಿಲ್ಲುತ್ತೆ. ಕರಿಯದಕ್ಕೆ ಹಾಕಿದ್ರೂ ದೀಪ ಆರುತ್ತೆ. ಆದರೆ ಕರೆಂಟು ಬಲ್ಬಿನ ಬುಡದವರೆಗೂ ಬಂದು ಕಾದಿರುತ್ತೆ. ಆರಿದೆ ಅಂತ ಒದ್ದೆ ಕೈಯಲ್ಲಿ ಮುಟ್ಟಿದವರ ಕತೆ ಮುಗೀತು."

ಅವರು ಬೋರ್ಡು ಒರೆಸುವುದರೊಳಗೆ ನಾನು ಬೀದಿಯಲ್ಲಿ ಓಡುತ್ತಿದ್ದೆ.

ಬಾಗಿಲು ತೆರೆದಿತ್ತು. ನಡುಮನೆಯಲ್ಲಿ ಚಿಕ್ಕಸಿದ್ದಮ್ಮ ಒಳಕಲ್ಲಿನ ಪಕ್ಕದ ಸ್ಟೂಲಿನ ಮೇಲೆ ನಿಂತು ಒದ್ದೆ ಬಟ್ಟೆ ಹಿಂಡುತ್ತಿದ್ದಳು. ಹನಿಗಳು ನೆಲಕ್ಕೆ ಬೀಳುತ್ತಿದ್ದವು. ಅವಳ ಕೈ ಬಲ್ಬಿನತ್ತ ಮೇಲೇರಿತು.

"ಮುಟ್ಬ್ಯಾಡ!"

ಅಲ್ಲಿಯವರೆಗೆ ನಾನು ಅವಳನ್ನು ಏಕವಚನದಲ್ಲಿ ಕರೆದಿರಲಿಲ್ಲ. ಕೈ ಹಾಗೇ ನಿಂತಿತು. ಓಡಿಹೋಗಿ ಇಡೀ ಮನೆಯ ಕರೆಂಟು ನಿಲ್ಲಿಸುವ ಮೇನ್ ಎಳೆದೆ. ಉಸಿರು ಸರಿಹೋದ ಮೇಲೆ ಅಜ್ಜಿ ಮೊಮ್ಮಗಳಿಬ್ಬರಿಗೂ ಎಲ್ಲವನ್ನೂ ಹೇಳಿದೆ.

ಕೆಂಪಾಜಮ್ಮ ಬಾಗಿಲ ಪಕ್ಕದ ಸ್ವಿಚ್ಚಿನತ್ತ ಕೈ ತೋರಿಸಿದರು. "ಕರಿದು ಆಕು ಅಂದೋಳು ನಾನಲ್ವೇನ್ಲಾ?"

"ನೀವು ಕೇಳಿದ್ರಿ ಅಜ್ಜಿ. ಆಗಲ್ಲ ಅನ್ಬೇಕಾದೋನು ನಾನು. ಪುಸ್ತಕದಲ್ಲಿ ಇತ್ತು."

"ಮಿಕ್ಕಿದ ಅತ್ತು ಮನೆ?" ಚಿಕ್ಕಸಿದ್ದಮ್ಮನ ದನಿ ತೀರ ಸಣ್ಣದಾಗಿತ್ತು.

ಆ ಹತ್ತೂ ಮನೆಗಳಲ್ಲಿ ಅದೇ ವಾರ ಹಬ್ಬದ ಕಸ ತೆಗೆಯುತ್ತಿದ್ದರು. ಗುಟ್ಟಾಗಿ, ನಿಧಾನವಾಗಿ ಸರಿಮಾಡಲು ದಾರಿಯೇ ಇರಲಿಲ್ಲ. ಈಗಲೇ ಬಾಗಿಲು ಬಾಗಿಲಿಗೆ ಹೋಗಿ ತಪ್ಪು ಒಪ್ಪಿಕೊಳ್ಳಬೇಕು. ಒಪ್ಪಿಕೊಂಡರೆ ಮೇಷ್ಟ್ರಿಗೂ ತಿಳಿಯುತ್ತದೆ.

"ಪರ್ಮಿಟ್ ಹೋಗ್ತದೆ ಅಜ್ಜಿ," ಎಂದೆ.

ಕೆಂಪಾಜಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡರು. "ಕಾಗ್ದ ಓಯ್ತು ಅಂದ್ರೆ ಕೊಟ್ಟ ಮಾತೂ ಓಯ್ತು ಕಣಪ್ಪ. ಇವತ್ತು ಕಣ್ಣೆದುರಿಗೇ ಇವಳ್ನ ಕಳ್ಕತಿದ್ದೆ. ನಾನು ಆರನಳ್ಳಿಯೋರ್ಗೆ ಯೋಳ್ಕಳಿಸ್ತೀನಿ."

ಅದು ತಪ್ಪೆಂದು ನನಗೆ ಅನ್ನಿಸಲಿಲ್ಲ. ಆಕೆಯ ಜಾಗದಲ್ಲಿ ನಾನಿದ್ದರೂ ಹಾಗೇ ಹೇಳುತ್ತಿದ್ದೆ. ಚಿಕ್ಕಸಿದ್ದಮ್ಮ ಸ್ಟೂಲಿನ ಮೇಲೆ ಕೂತಿದ್ದಳು. ಒದ್ದೆ ಬಟ್ಟೆ ಇನ್ನೂ ಅವಳ ಕೈಯಲ್ಲೇ ಇತ್ತು. ನನ್ನನ್ನು ನೋಡಿದಳು. ಈ ಸಲ ಯಾವ ನೆಪವೂ ಇರಲಿಲ್ಲ.

"ಮೊದ್ಲು ಓಗಿ ಅವರಿಗೆಲ್ಲಾ ಯೋಳಿ," ಎಂದಳು.

ಹತ್ತು ಬಾಗಿಲಿಗೂ ಹೋದೆ. ಮೇನ್ ಆಫ್ ಮಾಡಿಸಿದೆ. ತಪ್ಪು ನನ್ನದೆಂದು ಹತ್ತು ಸಲ ಹೇಳಿದೆ. ಬೈದರು, ಒಬ್ಬರು ಉಗಿದರು. ಆಮೇಲೆ ಸ್ಟೇಷನ್ನಿಗೆ ಓಡಿದೆ. ನೀಲಕಂಠಸ್ವಾಮಿಯವರು ಪ್ಲಾಟ್‌ಫಾರ್ಮಿನ ಬೆಂಚಿನ ಮೇಲಿದ್ದರು. ಪರ್ಮಿಟ್ ಅವರ ಕೈಗಿಟ್ಟೆ.

ಅವರು ಪೂರ್ತಿ ಕೇಳಿದರು. ಕಾಗದವನ್ನು ಮಡಿಸಿ ಕೋಟಿನ ಜೇಬಿಗೆ ಹಾಕಿಕೊಂಡರು.

"ನಾಳೆಯಿಂದ ನನ್ನ ಹೆಸರಲ್ಲಿ ಸರಿಮಾಡು. ಶನಿವಾರ ನಾನೇ ಒಂದೊಂದು ಮನೇನೂ ನೋಡ್ತೀನಿ. ಪರೀಕ್ಷೆಗೆ ಮತ್ತೆ ಕೂತ್ಕೋಬೇಕು. ವರ್ಷ ಆಗಬಹುದು."

"ಕ್ಲಾಸಿಗೆ ಬರ್ಲಾ ಸಾರ್?"

"ಬರದೆ ಇದ್ದರೆ ಮಿರ್ಲೆಗೇ ಬಂದು ಎಳ್ಕೊಂಡು ಹೋಗ್ತೀನಿ," ಎಂದರು. ಅವರ ಕಣ್ಣಿನಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ನನಗೆ ಅಳು ಬಂತು.

ಮಾರನೆಯ ಬೆಳಿಗ್ಗೆ ಮೊದಲು ಕೆಂಪಾಜಮ್ಮನ ಮನೆಯಲ್ಲೇ ತಂತಿ ಬದಲಿಸಿದೆ. ಸಾಮಾನಿನ ಚೀಲ ಎತ್ತಿಕೊಂಡು ಪಕ್ಕದ ಮರಮ್ಮನ ಮನೆಗೆ ಹೋದರೆ, ಆಕೆ ಎರಡೂ ಕೈಯನ್ನು ಬಾಗಿಲಿಗೆ ಅಡ್ಡ ಚಾಚಿ ನಿಂತರು.

"ಒಳೀಕೆ ಕಾಲಿಡ್ಬ್ಯಾಡ. ಒಂದ್ಸಲ ಕೊಲ್ಲಕ್ಕೆ ನೋಡ್ದೆ, ಸಾಲ್ದಾ? ನಮ್ಗೆ ಬುಡ್ಡಿ ದೀಪವೇ ಸಾಕು ಓಗು."

ಅಲ್ಲೇ ತಲೆ ತಗ್ಗಿಸಿ ನಿಂತೆ. ಒಂದು ಮನೆ ಬಾಗಿಲು ಹಾಕಿದರೆ ಮಿಕ್ಕವರೂ ಹಾಕುತ್ತಾರೆ. ಇವತ್ತಲ್ಲದಿದ್ದರೆ ನಾಳೆ ಯಾರೋ ಮರೆತು ಮೇನ್ ಹಾಕುತ್ತಾರೆ.

ಹಿಂದೆ ಬಳೆಯ ಸದ್ದಾಯಿತು. ಚಿಕ್ಕಸಿದ್ದಮ್ಮ ಸ್ಟೂಲು ಹೊತ್ತುಕೊಂಡು ಬಂದಿದ್ದಳು.

"ಬುಡಿ ಮರಮ್ಮತ್ತೆ, ಒಳೀಕೆ ಬುಡಿ," ಎಂದಳು.

"ಏನೇ ಇದು ನಿಂದು? ಸಾಯ್ತಿದ್ದೋಳು ನೀನಲ್ವೇನೇ?"

"ನಾನೇ. ಅದ್ಕೇ ಯೋಳ್ತಿರೋದು. ಬಾಯಿ ಮುಚ್ಕಂಡಿದ್ರೆ ಯಾರ್ಗೂ ಗೊತ್ತಾಗ್ತಿರ್ನಿಲ್ಲ. ಓಡಿ ಬಂದು ಅವರೇ ಯೋಳಿದ್ರು." ಅವಳು ಸ್ಟೂಲನ್ನು ಹೊಸಲಿನ ಮುಂದೆ ಇಳಿಸಿದಳು. "ನಾನು ಮದ್ವೆ ಆಗದು ಇವರನ್ನೇ. ಕಾಗ್ದ ಬರೋಗಂಟ ಕಾಯ್ತೀನಿ. ನಿಮ್ಮನೆ ದೀಪ ಮಾಡಕ್ಕೆ ಬುಡಿ."

ಆ ಮಾತನ್ನು ಅವಳು ನನಗೆ ಹೇಳಿರಲಿಲ್ಲ. ಪಕ್ಕದ ಮನೆಯ ಹೊಸಲಿನ ಹೊರಗೆ ನಿಂತು, ಇನ್ನೊಬ್ಬರಿಗೆ ಹೇಳುವಾಗ ನಾನು ಕೇಳಿಸಿಕೊಂಡೆ. ಬೀದಿಯ ಹೆಂಗಸರೂ ಕೇಳಿಸಿಕೊಂಡರು. ಜಗಲಿಯ ಮೇಲಿದ್ದ ಕೆಂಪಾಜಮ್ಮನ ಕೈಯಲ್ಲಿ ಮೊರ ನಿಂತುಹೋಯಿತು.

ಮರಮ್ಮ ಅತ್ತ ನೋಡಿದರು, ಇತ್ತ ನೋಡಿದರು. "ನಿಮ್ಮಜ್ಜಿ ಒಪ್ಪವ್ರೇನೇ?"

"ಸಂಜೆ ಒಳಗೆ ಒಪ್ತಾರೆ."

ಕೆಂಪಾಜಮ್ಮ ಮೊರವನ್ನು ಪಕ್ಕಕ್ಕಿಟ್ಟು, "ಮಧ್ಯಾಹ್ನ ಉಣ್ಣಕ್ಕೆ ಇಲ್ಲೇ ಬರಕ್ಕೇಳು ಅವ್ನಿಗೆ. ಅತ್ತು ಮನೆ ಕೆಲ್ಸ ಅದೆ," ಎಂದರು.

ಮರಮ್ಮ ಕೈ ಇಳಿಸಿ ಪಕ್ಕಕ್ಕೆ ಸರಿದರು.

ಸ್ಟೂಲು ಹತ್ತಿದೆ. ಚಿಕ್ಕಸಿದ್ದಮ್ಮ ಕೆಳಗೆ ಕೂತು ಎರಡೂ ಕೈಯಿಂದ ಸ್ಟೂಲನ್ನು ಹಿಡಿದುಕೊಂಡಳು.

"ಮೇನ್ ಆರ್ಸಿದ್ದೀರಾ?"

"ಆರ್ಸಿದ್ದೀನಿ."

"ಇನ್ನೊಂದ್ಸಲ ನೋಡ್ಕಂಡು ಬನ್ನಿ."

ನಾನು ಕೆಳಗಿಳಿದು ನೋಡಿಕೊಂಡು ಬಂದೆ.