ಎರಡನೆಯ ಬಾಟಲಿ

1976ರ ಏಪ್ರಿಲ್ 12, ಸೋಮವಾರ, ಬೆಳಿಗ್ಗೆ ಏಳು ಗಂಟೆ. ರಾಜಾಜಿನಗರದ ಠಾಣೆಯೊಂದರ ಮುಂದೆ ದಫೇದಾರ್ ವೆಂಕಟಸ್ವಾಮಿ ನೀರು ಚಿಮುಕಿಸುತ್ತಿದ್ದ. ಅರ್ಧ ಅಂಗಳವೂ ನೆನೆದಿರಲಿಲ್ಲ, ಆಳುವ ಪಕ್ಷದ ವಾರ್ಡ್ ಕಾರ್ಯದರ್ಶಿ ಗುರುಬಸಪ್ಪ ಬಂದ. ವೆಂಕಟಸ್ವಾಮಿ ಚೊಂಬು ಕೆಳಗಿಟ್ಟು ಸೆಲ್ಯೂಟ್ ಹೊಡೆದ.

"ನಮ್ಮ ಕಚೇರೀಲಿ ಕಳ್ಳತನ ಆಗಿದೆ."

"ಏನು ಹೋಗಿದೆ?" ಇನ್‌ಸ್ಪೆಕ್ಟರ್ ಪಂಚಾಕ್ಷರಿ ಕೇಳಿದರು.

"ಒಂದು ನೋಟ್‌ಬುಕ್ಕು."

"ನೋಟ್‌ಬುಕ್ಕಿಗೆ ಎಫ್‌ಐಆರಾ?"

"ಯಾವ ಬುಕ್ಕು ಅಂತ ಗೊತ್ತಿಲ್ವಾ ಸಾರ್? ಇವತ್ತು ನಿಮಗೇ ತಲುಪಿಸಬೇಕಿತ್ತು."

ಪಂಚಾಕ್ಷರಿಗೆ ಗೊತ್ತಿತ್ತು. ತುರ್ತುಪರಿಸ್ಥಿತಿ ಬಂದ ಮೇಲೆ ಯಾರ ಮನೆಗೆ ಯಾರು ಬರುತ್ತಾರೆಂದು ಪಕ್ಷದವರು ಬರೆದು ಕೊಡುತ್ತಿದ್ದರು. ಪೊಲೀಸರು ಹೋಗಿ ಆ ಬಾಗಿಲು ತಟ್ಟುತ್ತಿದ್ದರು. ಕಾರಣ ಹೇಳುವ ಅಗತ್ಯವಿರಲಿಲ್ಲ. ಹನ್ನೆರಡನೆಯ ನಂಬರ್ ಮನೆಯ ಶ್ಯಾಮಸುಂದರ ಮೇಷ್ಟರನ್ನೂ ಅಲ್ಲಿ ಅಡಗಿದ್ದ ಅವರ ಗೆಳೆಯನನ್ನೂ ಮಾರ್ಚಿನಲ್ಲಿ ಹಿಡಿದದ್ದು ಹಾಗೆಯೇ.

8.15ಕ್ಕೆ ಸ್ಥಳ ಪರಿಶೀಲನೆ. ಕಚೇರಿಯ ಬೀಗ ಒಡೆದಿರಲಿಲ್ಲ.

"ಕೀ ಯಾರ ಹತ್ರ ಇರುತ್ತೆ?"

"ಪಕ್ಕದ ಹಾಲಿನ ಬೂತಲ್ಲಿ, ಜಗದಾಂಬಾ ಹತ್ರ. ಅವಳು ನಮ್ಮೋಳೇ ಸಾರ್."

ಬೂತಿನಲ್ಲಿ ಸಾಲು ಕರಗಿತ್ತು. ಕ್ರೇಟುಗಳ ತುಂಬ ಖಾಲಿ ಬಾಟಲಿಗಳು. ಮೂಲೆಯಲ್ಲಿ ಒಂದು ಮಾತ್ರ ತುಂಬಿತ್ತು, ಮುಚ್ಚಳ ಬಿಚ್ಚಿರಲಿಲ್ಲ.

"ಇದು ಯಾರದಮ್ಮ?"

"ಯಾರದ್ದೂ ಅಲ್ಲ ಸಾರ್." ಜಗದಾಂಬಾ ಸೆರಗಿನಲ್ಲಿ ಕೈ ಒರೆಸಿಕೊಂಡಳು. "ಹನ್ನೆರಡನೇ ನಂಬರ್ ಮೇಷ್ಟ್ರ ಮನೆ ಪ್ರಭಮ್ಮ ಈಗ ಒಂದೇ ಬಾಟ್ಲು ತಗೋತಾರೆ. ನನ್ನ ಕೈ ಮಾತ್ರ ದಿನಾ ಎರಡು ಎತ್ತುತ್ತೆ."

ಮೇಷ್ಟರ ಕಡತದಲ್ಲಿದ್ದ ಸಾಲು ಪಂಚಾಕ್ಷರಿಗೆ ನೆನಪಾಯಿತು: ಮಾರ್ಚ್ ಮೂರರಿಂದ ಹಾಲು ಎರಡು ಬಾಟಲಿ. ಅದರ ಕೆಳಗೆ ತಮ್ಮದೇ ಸಹಿ ಇತ್ತು.

"ವೆಂಕಟಸ್ವಾಮಿ, ಕ್ರೇಟ್ ಎತ್ತು."

ನೋಟ್‌ಬುಕ್ಕು ಒದ್ದೆ ಗೋಣಿಯಡಿ ಸಿಕ್ಕಿತು. 9.10ಕ್ಕೆ ಪಂಚರ ಸಮಕ್ಷಮ ಪಂಚನಾಮೆ ಆಯಿತು.

"ಎರಡು ಬಾಟ್ಲು ವಿಷಯ ನೀನೇ ಹೇಳಿದ್ದಾ?"

"ಯಾಕೆ ಎರಡು ಅಂತ ಗುರುಬಸಪ್ಪನೋರು ಕೇಳಿದ್ರು. ನೆಂಟರು ಬಂದಿರ್ಬೇಕು ಅಂದೆ. ಅಷ್ಟೇ ಸಾರ್ ಅಂದಿದ್ದು."

"ಬುಕ್ಕು ಸುಟ್ಟು ಹಾಕಬಹುದಿತ್ತಲ್ಲ?"

"ಇನ್ನೂ ಯಾರ ಮನೆ ಇದೆಯೋ ನೋಡಬೇಕಿತ್ತು. ನಿನ್ನೆ ಎರಡು ಮನೆಗೆ ಹೋಗಿ ಹೇಳಿ ಬಂದೆ. ಮೂರನೇ ಮನೆಗೆ ಬೀಗ ಹಾಕಿತ್ತು."

ಗುರುಬಸಪ್ಪ ಹಲ್ಲು ಕಚ್ಚಿದ. "ಉಂಡ ಮನೆಗೇ ಕನ್ನ ಹಾಕ್ದೆಯಲ್ಲೇ!"

"ಹಾಲು ಹಾಕೋಳು ನಾನು, ಗುರುಬಸಪ್ಪನೋರೇ. ಲೆಕ್ಕ ಕೊಡೋಳಲ್ಲ."

ಕಲಂ 380ರಡಿ ದಸ್ತಗಿರಿ. ನೋಟ್‌ಬುಕ್ಕು ಜಪ್ತಿಯಾಗಿ ಇನ್‌ಸ್ಪೆಕ್ಟರ ಕೈ ಸೇರಿತು. ಗುರುಬಸಪ್ಪ ತಲುಪಿಸಬೇಕಿದ್ದದ್ದೂ ಅಲ್ಲಿಗೇ. ಮೂರನೆಯ ಮನೆ ಅದರಲ್ಲೇ ಇತ್ತು.

"ಉದ್ದೇಶ ಏನಂತ ಬರೀಲಿ ಸಾರ್?" ವೆಂಕಟಸ್ವಾಮಿ ಕೇಳಿದ.

ಪಂಚಾಕ್ಷರಿ ಜಗದಾಂಬಾಳ ಕಡೆ ನೋಡಿದರು.

"ಮೇಷ್ಟ್ರ ಮಗಳು ಬರುತ್ತಲ್ಲ ಸಾರ್, ಕೋಕಿಲಾ. ದಿನಾ ಬಾಟ್ಲು ತಗೊಂಡು ಏನೋ ಕೇಳೋ ಹಾಗೆ ನಿಂತ್ಕೊಳ್ಳುತ್ತೆ. ಕೇಳಲ್ಲ, ಹೊರಟು ಹೋಗುತ್ತೆ. ಆಮೇಲೆ ನಂಗೆ ಊಟ ಸೇರಲ್ಲ."

ಆ ಹುಡುಗಿ ಆಗಲೇ ಬೂತಿನ ಮುಂದೆ ನಿಂತಿದ್ದಳು. ಏಳು ವರ್ಷ, ಒಂದು ಜಡೆ ಮಾತ್ರ ಹೆಣೆದಿತ್ತು; ಬೆಳಿಗ್ಗೆ ಹಾಲು ಒಯ್ದವಳು ಬರಿಗೈಲಿ ಮತ್ತೆ ಬಂದಿದ್ದಳು. ಪೊಲೀಸರನ್ನು ಕಂಡು ಹಿಂದೆ ಸರಿದವಳು ಮತ್ತೆ ಮುಂದೆ ಬಂದಳು. ಜಗದಾಂಬಾ ಮೂಲೆಯ ಬಾಟಲಿಯನ್ನು ಅವಳ ಕಡೆ ಚಾಚಿದಳು.

ಕೋಕಿಲಾ ತೆಗೆದುಕೊಳ್ಳಲಿಲ್ಲ.

"ಜಗದಕ್ಕಾ, ನಾವು ಹಾಲು ಜಾಸ್ತಿ ತಗೊಂಡಿದ್ದಕ್ಕಾ ಅಪ್ಪನ್ನ ಹಿಡ್ಕೊಂಡು ಹೋಗಿದ್ದು?"