ಹಚ್ಚೆಯ ಹಕ್ಕಳೆ

"ಕೀಳಬೇಡ. ಏನು ಬೇಕಾದ್ರೂ ಮಾಡು, ಹಕ್ಕಳೆ ಮಾತ್ರ ಕೀಳಬೇಡ."

ಹಚ್ಚೆ ಹಾಕುವ ಸೂಜಿಯಮ್ಮ ಇದನ್ನು ಮೂರನೇ ಸಲ ಹೇಳಿದಾಗ ಸಿಸ್ಟರ್ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕುಬಿಟ್ಟಳು. ನಗದೆ ಏನು ಮಾಡಿಯಾಳು? ಹನ್ನೊಂದು ವರ್ಷದಿಂದ ಗಾಯ ತೊಳೆಯುವುದೇ ಅವಳ ಕೆಲಸ. ಈ ಊರಿಗೆ ಬಂದು ಇನ್ನೂ ತಿಂಗಳಾಗಿರಲಿಲ್ಲ. ಆಗಲೇ ಆಸ್ಪತ್ರೆಯಲ್ಲಿ ಡ್ರೆಸ್ಸಿಂಗ್ ಎಂದರೆ ಅವಳೇ ಆಗಬೇಕು ಎಂಬಂತಾಗಿತ್ತು. ಕೊಳೆತ ಕಾಲು, ಬಿಚ್ಚಿಕೊಂಡ ಹೊಲಿಗೆ, ಮಲಗಿ ಮಲಗಿ ಬೆನ್ನಿಗೆ ಬಿದ್ದ ಹುಣ್ಣು, ಎಲ್ಲವನ್ನೂ ಮೂಗು ಮುಚ್ಚಿಕೊಳ್ಳದೆ ನೋಡಿದವಳು. ಅಂಥವಳಿಗೆ ದರ್ಜಿ ಅಂಗಡಿಯ ಮಹಡಿಯ ಮೇಲೆ, ಸುಟ್ಟ ಎಣ್ಣೆಯ ಕಮಟು ಹೊಡೆಯುವ ಕೋಣೆಯಲ್ಲಿ, ಉಗುರೆಲ್ಲ ಮಸಿಯಾದ ಮುದುಕಿಯೊಬ್ಬಳು ಗಾಯದ ಪಾಠ ಹೇಳುತ್ತಿದ್ದಳು.

ಸಿಸ್ಟರಿನ ಎಡ ರಟ್ಟೆಯ ಮೇಲೆ ಹೊಸ ಹಚ್ಚೆ ಕೆಂಪಗೆ ಉಬ್ಬಿತ್ತು. ಅವಳ ಐದು ವರ್ಷದ ಮಗಳ ಮುಖ. ಕೆನ್ನೆ ಅಷ್ಟು ಮೆತ್ತಗೆ ಇದ್ದದ್ದರಿಂದ ಮನೆಯಲ್ಲಿ ಎಲ್ಲರೂ ಅವಳನ್ನು ಬೆಣ್ಣೆ ಎಂದೇ ಕರೆಯುತ್ತಿದ್ದರು. ಡ್ರೆಸ್ಸಿಂಗ್ ಮಾಡುವ ಕೈಗೆ ಬಳೆ ಇಲ್ಲ, ಉಂಗುರ ಇಲ್ಲ, ಕುತ್ತಿಗೆಗೆ ಸರವೂ ಇಲ್ಲ. ಯಾರೂ ಬಿಚ್ಚಿಡು ಎನ್ನಲಾಗದ ಒಂದು ವಸ್ತು ಮೈಮೇಲೆ ಇರಲಿ ಎಂದು ಅವಳಿಗೆ ಆಸೆ.

ಸೂಜಿಯಮ್ಮ ಮೊದಲು ಒಪ್ಪಿರಲಿಲ್ಲ. "ಬದುಕಿರೋರ ಮುಖ ನಾನು ಹಾಕೋದಿಲ್ಲ," ಎಂದಿದ್ದಳು. ಆದರೆ ಫೋಟೋದಲ್ಲಿ ಆ ಕೆನ್ನೆ ನೋಡಿದ ಮೇಲೆ ಮುದುಕಿಗೂ ಕೈ ತಡೆಯಲಿಲ್ಲ. ಮಗುವಿನ ಒಂದು ಎಳೆ ಕೂದಲು ತರಿಸಿ, ಸುಟ್ಟು, ಮಸಿಗೆ ಬೆರೆಸಿ ಕುಳಿತಳು. ಕೂದಲು ಸುಟ್ಟ ಆ ನಾತ ಸಿಸ್ಟರಿನ ಸೀರೆಗೆ ಇನ್ನೂ ಅಂಟಿತ್ತು.

"ಹಿಂದೆ ಜನ ತಮಗೆ ಆಗದವರ ಮುಖ ಹಾಕಿಸ್ಕೊಳ್ತಿದ್ರು," ಎಂದಳು ಸೂಜಿಯಮ್ಮ, ಸೂಜಿ ಒರೆಸುತ್ತ. "ಆಮೇಲೆ ಅದನ್ನ ಮಾಯೋಕೆ ಬಿಡ್ತಿರಲಿಲ್ಲ. ದಿನಾ ಕೆರೀತಿದ್ರು."

"ಕೆರೆದ್ರೆ?"

"ಅತ್ತ ಅವರ ಮುಖಾನೂ ಮಾಯ್ತಿರಲಿಲ್ಲ."

ಸಿಸ್ಟರಿಗೆ ಮತ್ತೆ ನಗು. ಮುದುಕಿ ನಗಲಿಲ್ಲ. "ತಣ್ಣೀರಲ್ಲಿ ತೊಳಿ. ಗಾಳಿ ಆಡೋಕೆ ಬಿಡು. ಹಕ್ಕಳೆ ತಾನಾಗಿ ಬಿದ್ರೆ ಈ ಡಬ್ಬೀಲಿ ಹಾಕಿ ನಂಗೆ ತಂದ್ಕೊಡು. ಮಾಯೋವರೆಗೂ ಅದು ನಿನ್ನ ಚರ್ಮ ಅಲ್ಲ, ಮಗಳೇ. ಮಗೂದು."

ತಗಡಿನ ಡಬ್ಬಿ ಚೆನ್ನಾಗಿತ್ತು. ಸಿಸ್ಟರ್ ಮನೆಗೆ ಹೋದವಳೇ ಅದಕ್ಕೆ ಗುಂಡಿ, ಪಿನ್ನು ತುಂಬಿಟ್ಟಳು.

ಗಾಯವನ್ನು ಹೇಗೆ ನೋಡಿಕೊಳ್ಳಬೇಕೆಂದು ಅವಳಿಗೆ ಹೇಳಿಕೊಡಬೇಕೇ? ಎರಡನೇ ದಿನ ಬಚ್ಚಲಿನಲ್ಲಿ ಬಿಸಿನೀರಿಗೆ ಆಸ್ಪತ್ರೆಯ ಕಟು ಔಷಧಿ ಬೆರೆಸಿ ಹಚ್ಚೆಯ ಮೇಲೆ ಸುರಿದಳು. ಅದೇ ಹೊತ್ತಿಗೆ ಹಜಾರದಿಂದ ಬೆಣ್ಣೆ ಕಿಟಾರನೆ ಕಿರುಚಿದಳು. "ಅಮ್ಮಾ, ಕೆನ್ನೆ ಉರಿ!" ಹೋಗಿ ನೋಡಿದರೆ ಬಲಗೆನ್ನೆ ಕೆಂಪಾಗಿತ್ತು.

"ಬಿಸಿಲಲ್ಲಿ ಆಡಿರ್ತಾಳೆ ಅತ್ತೆ," ಎಂದು ಮುಲಾಮು ಸವರಿದಳು. ಅತ್ತೆ ಸೊಸೆಯ ಮುಖ ನೋಡಿದರು. ಮಗು ಬೆಳಗಿನಿಂದ ಹೊಸ್ತಿಲು ದಾಟಿರಲಿಲ್ಲ.

ಮುಂದಿನ ಮೂರು ದಿನ ಹಚ್ಚೆಗೆ ಗಾಳಿಯಾಡದಂತೆ ಪ್ಲಾಸ್ಟಿಕ್ ಪಟ್ಟಿ ಅಂಟಿಸಿ, ಮೇಲೆ ರವಿಕೆಯ ತೋಳು ಎಳೆದುಕೊಂಡು ಕೆಲಸಕ್ಕೆ ಹೋದಳು. ಪಟ್ಟಿಯಡಿ ರಸಿಗೆ ಕಟ್ಟಿತು. ಮೊದಲು ತಿಳಿಯಾಗಿ, ಆಮೇಲೆ ಗಂಜಿಯಂತೆ ಮಂದವಾಗಿ, ಮಸಿಯ ಕರಿ ಎಳೆಗಳೊಂದಿಗೆ. ಮನೆಯಲ್ಲಿ ಬೆಣ್ಣೆಯ ಕೆನ್ನೆಯೂ ಬಾತಿತ್ತು; ಬಿಸಿಲಿನದೇ ಎಂದು ಮತ್ತೆ ಮುಲಾಮು ಸವರಿದಳು. ಐದನೇ ದಿನ ಮಧ್ಯಾಹ್ನ ಡ್ರೆಸ್ಸಿಂಗ್ ಕೋಣೆಯಲ್ಲಿ ಪಟ್ಟಿ ಬಿಚ್ಚಿದಾಗ ಎದ್ದ ನಾತಕ್ಕೆ, ಹನ್ನೊಂದು ವರ್ಷದಲ್ಲಿ ಮೊದಲ ಸಲ, ಅವಳು ಮುಖ ಹಿಂದಕ್ಕೆಳೆದುಕೊಂಡಳು. ಕಟ್ಟಿಕೊಂಡ ಮೋರಿಯ ನಾತ. ಅದು ಬೇರೆಯವರದ್ದಾಗಿದ್ದರೆ ಸಹಿಸುತ್ತಿದ್ದಳು. ತನ್ನದೇ ಮೈಯದು ಎಂದು ಅವಳಿಗೆ ಅಸಹ್ಯವಾಯಿತು.

ಹಚ್ಚೆಯಲ್ಲಿನ ಮಗಳ ಮುಖದ ಮೇಲೆ ಹಕ್ಕಳೆ ದಪ್ಪಗೆ ಕಟ್ಟಿತ್ತು. ಅಂಚಿನಲ್ಲಿ ಎದ್ದಿತ್ತು, ನಡುವೆ ಒದ್ದೆ. ತುರಿಕೆ ಬೇರೆ, ಹಲ್ಲು ಕಚ್ಚಿಸುವಂಥದ್ದು. ಆಗಷ್ಟೇ ಆರನೇ ಮಂಚದ ಅಜ್ಜನ ಡ್ರೆಸ್ಸಿಂಗ್ ಮುಗಿದಿತ್ತು. ಅಜ್ಜನ ಕೆನ್ನೆಯಲ್ಲಿ ದೊಡ್ಡ ಕುರು ಒಡೆದು ಹುಣ್ಣಾಗಿ, ತಿಂಗಳಿಂದ ಗಡ್ಡ ಬೋಳಿಸಲಾಗದೆ ಬಿಳಿ ಕುರುಚಲು ಬೆಳೆದಿತ್ತು. ಸುತ್ತಲಿನ ಸತ್ತ ಚರ್ಮವನ್ನು ಚಿಮಟದಿಂದ ಎತ್ತೆತ್ತಿ ತಟ್ಟೆಗೆ ಹಾಕುತ್ತ, ಅವಳು ದಿನವೂ ಹೇಳುವ ಮಾತನ್ನೇ ಹೇಳಿದ್ದಳು: "ಸತ್ತದ್ದು ತೆಗೆದ್ರೇನೇ ಅಜ್ಜ, ಹೊಸದು ಬರೋದು."

ತನಗೂ ಅದನ್ನೇ ಹೇಳಿಕೊಂಡಳು. ಬೇರೆ ಚಿಮಟ ತೆಗೆದುಕೊಂಡಳು. ಅಷ್ಟು ಶಿಸ್ತಿನ ಹೆಂಗಸು. ಆದರೆ ತಟ್ಟೆ ಅದೇ. ಅಂಚು ಹಿಡಿದು ಎಳೆದಳು. ಚರಚರ ಎಂದು ಒದ್ದೆ ಕಾಗದ ಸುಲಿದಂತೆ ಬಂತು. ಕಣ್ಣಿನ ತುಂಡು, ಹುಬ್ಬಿನ ತುಂಡು, ತುಟಿಯ ತುಂಡು, ಆಮೇಲೆ ಇಡೀ ಬಲಗೆನ್ನೆ. ಹಾಯೆನಿಸಿತು. ತಟ್ಟೆಯನ್ನು ಕಸದ ಹಳದಿ ಚೀಲಕ್ಕೆ ಕೊಡವಿ, ಚೀಲದ ಬಾಯಿ ಬಿಗಿದು, ಕೈ ತೊಳೆದಳು.

ಮೂರೂವರೆಗೆ ಅತ್ತೆಯ ಫೋನು.

"ಬೇಗ ಬಾರೇ. ಮಗೂ ಕೆನ್ನೆ ಸುಲೀತಾ ಇದೆ ಕಣೇ, ಅಯ್ಯೋ, ಸುಲೀತಾ ಇದೆ!"

ಆಸ್ಪತ್ರೆಯ ಹಿಂದೆಯೇ ಮನೆ. ಸಿಸ್ಟರ್ ಓಡಿದಳು. ಬಾಗಿಲಲ್ಲೇ ನಾತ ಬಡಿಯಿತು. ಮೋರಿಯ ನಾತ. ಬೆಣ್ಣೆ ಅಜ್ಜಿಯ ತೊಡೆಯ ಮೇಲೆ ಮಲಗಿದ್ದಳು, ಅಳುವ ಶಕ್ತಿಯೂ ಉಳಿದಿರಲಿಲ್ಲ. ರೆಪ್ಪೆ, ಹುಬ್ಬು, ತುಟಿ ಅಲ್ಲಲ್ಲಿ ಸುಲಿದಿತ್ತು, ಬಲಗೆನ್ನೆಯ ಚರ್ಮವಂತೂ ಇರಲೇ ಇಲ್ಲ. ಕೆಂಪು ಮಾಂಸದ ಮೇಲೆ ಗಂಜಿಯಂಥ ರಸಿಗೆ ಜಿನುಗುತ್ತಿತ್ತು. ಗಾಯದ ಅಂಚು ಒಂದು ಕಡೆ ಕೊಕ್ಕೆಯಂತೆ ಬಾಗಿತ್ತು. ಸಿಸ್ಟರ್ ರವಿಕೆಯ ತೋಳು ಮೇಲೆ ಸರಿಸಿದಳು. ರಟ್ಟೆಯ ಮೇಲೆ ಅದೇ ಅಂಚು, ಅದೇ ಕೊಕ್ಕೆ.

ಫೋನು ತೆಗೆದಳು. ಎರಡು ಸಲ ತಪ್ಪು ನಂಬರು ಒತ್ತಿ, ಮೂರನೇ ಸಲಕ್ಕೆ ಸೂಜಿಯಮ್ಮ ಸಿಕ್ಕಳು.

"ಕಿತ್ತೆಯಾ?"

"ಕಿತ್ತೆ. ತಪ್ಪಾಯ್ತಮ್ಮ. ಏನು ಮಾಡ್ಲಿ ಹೇಳಿ."

"ಹಕ್ಕಳೆ ಎಲ್ಲಿ? ಡಬ್ಬೀಲಿದೆಯಾ?"

"ಹಳದಿ ಚೀಲಕ್ಕೆ ಹಾಕ್ದೆ. ಆಸ್ಪತ್ರೆ ಕಸಕ್ಕೆ."

"ಅದನ್ನೇನು ಮಾಡ್ತಾರೆ?"

"ಸುಡ್ತಾರೆ." ಗೋಡೆ ಗಡಿಯಾರದ ಕಡೆ ಅವಳ ಕಣ್ಣು ಹೋಯಿತು. "ನಾಲ್ಕು ಗಂಟೆಗೆ."

ಸೂಜಿಯಮ್ಮನ ದನಿ ಸಣ್ಣಗಾಯಿತು. "ಅದು ಸುಟ್ರೆ ಮಗು ಉಳಿಯಲ್ಲ. ಹುಡುಕು. ನಿನ್ನ ಮೈಯಿಂದ ಕಿತ್ತದ್ದು ನಿನ್ನ ಮೈಗೇ ಹೋಗಬೇಕು. ನುಂಗು. ಒಂದು ಚೂರೂ ಬಿಡಬೇಡ. ಆದ್ರೆ ನೋಡು, ನಿನ್ನದು ಮಾತ್ರ. ಬೇರೆಯವರದ್ದು ಸೇರಿದ್ರೆ ಅದೂ ಮಗೂ ಮೇಲೇ ಬರತ್ತೆ."

ಕಸ ಸುಡುವ ಗೂಡು ಆಸ್ಪತ್ರೆಯ ಹಿತ್ತಲಲ್ಲಿತ್ತು. ಚೀಲಗಳು ಆಗಲೇ ತಳ್ಳುಗಾಡಿಯ ಮೇಲೆ ಬಂದಿದ್ದವು. ಗೂಡಿನ ಬಾಯಿ ತೆರೆದಿತ್ತು, ಒಳಗೆ ಬೆಂಕಿ ಗೊರಗೊರ ಸದ್ದು ಮಾಡುತ್ತಿತ್ತು. ಸಿಸ್ಟರ್ ಡ್ರೆಸ್ಸಿಂಗ್ ಕೋಣೆಯ ಚೀಟಿ ಇದ್ದ ಚೀಲವನ್ನು ಎಳೆದು, ಹಲ್ಲಿನಿಂದ ಗಂಟು ಹರಿದು, ನೆಲಕ್ಕೆ ಸುರಿದಳು.

"ಸಿಸ್ಟರ್, ಬರಿಗೈ ಹಾಕಬೇಡಿ, ನಂಜು!" ಎಂದು ಗೂಡಿನವನು ಕೂಗಿದ. ಆ ಮಾತನ್ನು ಅವನಿಗೆ ಕಲಿಸಿದವಳು ಅವಳೇ.

ಕೀವಿನ ಬಟ್ಟೆ. ರಕ್ತದ ಹತ್ತಿ. ಯಾರದೋ ಕಾಲಿನ ಕಪ್ಪು ಉಗುರು. ಬಿಸಿಲಿಗೆ ಎಲ್ಲವೂ ಬೆಚ್ಚಗಾಗಿ, ಒಂದಕ್ಕೊಂದು ಅಂಟಿ ಮುದ್ದೆಯಾಗಿತ್ತು. ಬೆರಳು ತೂರಿಸಿದಳು. ಪಿಚಕ್ ಎಂದಿತು. ಒಂದು ನೊಣ ತುಟಿಯ ಮೇಲೆ ಕೂತಿತು. ಓಡಿಸಲು ಸ್ವಚ್ಛವಾದ ಕೈ ಇರಲಿಲ್ಲ.

ಸಿಕ್ಕಿತು. ಮಸಿ ಹಿಡಿದ ಚೂರು. ಕಣ್ಣು. ಬಾಯಿಗೆ ಹಾಕಿಕೊಂಡಳು. ಉಪ್ಪು, ಕಹಿ, ಹಳಸಿದ ಕೊಬ್ಬಿನ ರುಚಿ. ಗಂಟಲಿಗೆ ಅಂಟಿತು. ನುಂಗಿದಳು. ಹೊಟ್ಟೆ ಮೇಲೆ ಬಂತು. ಬಾಯಿ ಮುಚ್ಚಿ ಹಿಡಿದಳು. ಕಕ್ಕಿದರೆ ಮಗು ಹೋಗುತ್ತದೆ. ತುಟಿ ಸಿಕ್ಕಿತು. ನುಂಗಿದಳು. ಹುಬ್ಬು ಸಿಕ್ಕಿತು. ನುಂಗಿದಳು.

ಕೆನ್ನೆ?

ಕೆನ್ನೆಗೆ ಸೂಜಿಯಮ್ಮ ಮಸಿಯನ್ನೇ ಹಾಕಿರಲಿಲ್ಲ. ಸುತ್ತ ಸಣ್ಣ ನೆರಳು ಕೊಟ್ಟು, ನಡುವೆ ಬರೀ ಚರ್ಮ ಬಿಟ್ಟಿದ್ದಳು. ಅದರಿಂದಲೇ ಅದು ಅಷ್ಟು ಮೆತ್ತಗೆ ಕಾಣುತ್ತಿದ್ದದ್ದು. ಈಗ ಅಂಗೈಯಲ್ಲಿ ಕಂದು ಬಣ್ಣದ ಐದಾರು ಚೂರುಗಳು. ಎಲ್ಲವೂ ಒದ್ದೆ. ಎಲ್ಲವೂ ಒಂದೇ ಥರ. ಕೆಲವು ತನ್ನವು, ಉಳಿದವು ಆರನೇ ಮಂಚದ ಅಜ್ಜನವು. ಯಾವುದು ಯಾರದು? ಬಿಸಿಲಿಗೆ ಹಿಡಿದಳು. ತಿಳಿಯಲಿಲ್ಲ. ಮೂಸಿದಳು. ಎಲ್ಲಕ್ಕೂ ಒಂದೇ ನಾತ.

"ನಾಲ್ಕಾಯ್ತು ಸಿಸ್ಟರ್, ದಾರಿ ಬಿಡಿ," ಎಂದ ಗೂಡಿನವನು.

ಒಂದನ್ನು ಬಿಟ್ಟು, ಅದೇ ಮಗಳದ್ದಾಗಿದ್ದರೆ? ಅಂಗೈ ಬಾಯಿಗೆ ಹೋಯಿತು. ಅಷ್ಟನ್ನೂ ಒಟ್ಟಿಗೆ. ಏನೋ ಒಂದು ನಾಲಿಗೆಗೆ ಮೊನಚಾಗಿ ಚುಚ್ಚಿತು. ಕಣ್ಣು ಮುಚ್ಚಿ ನುಂಗಿಬಿಟ್ಟಳು.

ಅವಳು ಮನೆ ಮುಟ್ಟುವ ಹೊತ್ತಿಗೆ ಬೆಣ್ಣೆ ಎದ್ದು ಕೂತು ನೀರು ಕೇಳುತ್ತಿದ್ದಳು. ರಸಿಗೆ ನಿಂತಿತ್ತು. ವಾರದಲ್ಲಿ ಹೊಸ ಚರ್ಮ ಬಂತು, ನುಣ್ಣಗೆ, ಗುಲಾಬಿ ಬಣ್ಣಕ್ಕೆ. ಅತ್ತೆ ಮೊಮ್ಮಗಳಿಗೆ ದೃಷ್ಟಿ ತೆಗೆದರು. ಸಿಸ್ಟರ್ ರಟ್ಟೆಯನ್ನು ತಣ್ಣೀರಲ್ಲಿ ತೊಳೆದು, ಗಾಳಿಗೆ ಬಿಟ್ಟು, ಉದುರಿದ ಒಂದೊಂದು ಹೊಟ್ಟನ್ನೂ ಡಬ್ಬಿಗೆ ಹಾಕಿ ಸೂಜಿಯಮ್ಮನಿಗೆ ಒಪ್ಪಿಸಿದಳು.

ಅದಾದ ಹತ್ತನೇ ದಿನ ಬೆಳಿಗ್ಗೆ ಮಗಳನ್ನು ಎಬ್ಬಿಸಲು ಬಗ್ಗಿ ಬಲಗೆನ್ನೆಗೆ ಮುತ್ತಿಟ್ಟಳು. ತುಟಿಗೆ ಚುಚ್ಚಿತು.

ಕಿಟಕಿ ತೆರೆದು ನೋಡಿದಳು. ಗುಲಾಬಿ ಕೆನ್ನೆಯಿಂದ ಮೂರು ಬಿಳಿ ಕೂದಲು ಎದ್ದಿದ್ದವು. ದಪ್ಪ, ಒರಟು, ಮುದಿ ಕೂದಲು. ಸುತ್ತ ಇನ್ನೂ ಹತ್ತಾರು, ಚರ್ಮದಡಿ ಮೊಳೆತು ನಿಂತಿದ್ದವು. ರಟ್ಟೆಯ ಹಚ್ಚೆಯನ್ನು ಬೆರಳಿನಿಂದ ಸವರಿದಳು. ಅಲ್ಲೂ ಕೆನ್ನೆ ಚುಚ್ಚಿತು. ಹೆತ್ತ ಮಗಳನ್ನು ನೋಡಿ ವಾಕರಿಕೆ ಬಂತಲ್ಲ ಎಂದು ಅಳುವೂ ಬಂತು.

"ಅಮ್ಮಾ, ಏನೋ ಚುಚ್ತಿದೆ," ಎಂದಳು ಬೆಣ್ಣೆ, ನಿದ್ದೆಗಣ್ಣಲ್ಲಿ. "ಕಿತ್ತು ಹಾಕಮ್ಮ."

ಚಿಮಟ ಕೈಗೆ ಬಂದಿತ್ತು. ಒಂದು ಕೂದಲನ್ನು ಕಚ್ಚಿಯೂ ಹಿಡಿದಿತ್ತು. ಅಲ್ಲಿಗೇ ಅವಳ ಕೈ ನಿಂತಿತು.

ಈಗ ದಿನಾ ಬೆಳಿಗ್ಗೆ, ಸ್ಕೂಲಿನ ಬಸ್ಸು ಬರುವ ಮುಂಚೆ, ಬಚ್ಚಲ ಬಾಗಿಲು ಹಾಕಿಕೊಂಡು ಸಿಸ್ಟರ್ ಮಗಳ ಒಂದು ಕೆನ್ನೆಗೆ ಸೋಪಿನ ನೊರೆ ಹಚ್ಚುತ್ತಾಳೆ. ಅಲುಗಾಡಬೇಡ ಚಿನ್ನ ಎನ್ನುತ್ತಾಳೆ. ಬ್ಲೇಡು ಕರಕರ ಎನ್ನುತ್ತದೆ. ಕೀಳುವುದಿಲ್ಲ. ಬೋಳಿಸುತ್ತಾಳೆ, ಅಷ್ಟೆ.