ಶಾಲೆಯ ಡೈರಿಯಲ್ಲಿ ನನ್ನ ರುಜು

ಮಗಳ ಯೂನಿಫಾರಂಗೆ ಇಸ್ತ್ರಿ ಹಾಕುತ್ತಿದ್ದೆ. ಅವಳು ಶಾಲೆಯ ಡೈರಿ ತಂದು ಮುಂದೆ ಹಿಡಿದಳು. "ರುಜು ಹಾಕಮ್ಮ."

ಆಸ್ಪತ್ರೆಯಿಂದ ಬಂದು ನಾಲ್ಕು ದಿನವಾಗಿತ್ತು. ಪೆನ್ನು ಹಿಡಿದದ್ದು ಅಂದೇ ಮೊದಲು. ನನಗೆ ಬಂದದ್ದು ಮೆದುಳಿನ ಉರಿಯೂತ. ಬೆನ್ನಿನಿಂದ ನೀರು ತೆಗೆದು ಪರೀಕ್ಷಿಸಿದ ಡಾಕ್ಟರು, ಇದು ವೈರಸ್ ಅಲ್ಲ, ನನ್ನ ದೇಹದ ರೋಗನಿರೋಧಕ ಶಕ್ತಿಯೇ ಮೆದುಳಿನ ಮೇಲೆ ತಿರುಗಿಬಿದ್ದಿದೆ ಎಂದಿದ್ದರಂತೆ. ಹತ್ತೊಂಬತ್ತು ದಿನ ನನಗೆ ಪ್ರಜ್ಞೆ ಇರಲಿಲ್ಲ. ಆ ದಿನಗಳ ಬಗ್ಗೆ ಮನೆಯವರೆಲ್ಲ ಏನಾದರೊಂದು ಹೇಳುತ್ತಾರೆ. ನಾನೊಬ್ಬಳು ಸುಮ್ಮನೆ ಕೇಳಿಸಿಕೊಳ್ಳುತ್ತೇನೆ.

ಬೆರಳುಗಳಿಗೆ ಇನ್ನೂ ಹಿಡಿತ ಬಂದಿರಲಿಲ್ಲ. ರುಜುವಿನ ಕೊನೆಯ ಅಕ್ಷರ ಗೆರೆ ದಾಟಿ ಕೆಳಗೆ ಜಾರಿತು. ಮೊದಲು ಹೇಗೆ ಹಾಕುತ್ತಿದ್ದೆನೆಂದು ನೋಡಲು ಹಿಂದಿನ ಪುಟಗಳನ್ನು ತಿರುವಿದೆ. ಆ ಹತ್ತೊಂಬತ್ತು ದಿನಗಳಲ್ಲೂ, ಶಾಲೆ ಇದ್ದಾಗಲೆಲ್ಲ ನನ್ನ ರುಜು ಇತ್ತು. ಹಳೆಯ ರುಜುವಲ್ಲ; ಈಗಷ್ಟೇ ಹಾಕಿದಂಥದ್ದೇ, ಗೆರೆ ದಾಟಿ ಜಾರಿದ್ದು. ಬೆರಳಾಡಿಸಿದರೆ ಕಾಗದ ಅಲ್ಲಷ್ಟೇ ತಣ್ಣಗಿತ್ತು.

ಆಗ ಮನೆ ನೋಡಿಕೊಂಡಿದ್ದ ನಾದಿನಿಗೆ ಫೋನ್ ಮಾಡಿದೆ. "ನನ್ನ ಅಕ್ಷರ ನೋಡಿದ್ರೆ ಟೀಚರ್ ನನ್ನನ್ನೇ ಒಂದನೇ ಕ್ಲಾಸಿಗೆ ಕೂರಿಸ್ತಾರೆ ಅತ್ತಿಗೆ. ನಾನು ಡೈರಿ ಮುಟ್ಟೇ ಇಲ್ಲ," ಎಂದಳು. ನನ್ನ ಗಂಡ ಅಷ್ಟೂ ದಿನ ಆಸ್ಪತ್ರೆ ಬಿಟ್ಟು ಕದಲಿರಲಿಲ್ಲ.

ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡೆ. "ಇದನ್ನೆಲ್ಲ ಯಾರು ಹಾಕಿದ್ದು ಗುಬ್ಬಿ?"

"ನೀನೇ."

ಜಾರಿದ್ದ ಸಾಕ್ಸ್ ಮೇಲಕ್ಕೆ ಎಳೆದುಕೊಂಡಳು. ಆಮೇಲೆ, ಎಷ್ಟೋ ದಿನದಿಂದ ಒಳಗೇ ಇಟ್ಟುಕೊಂಡಿದ್ದವಳಂತೆ ಮೆಲ್ಲಗೆ ಕೇಳಿದಳು:

"ರುಜು ಹಾಕಿ, ನನ್ನ ಹತ್ರ ಮಾತೂ ಆಡದೆ ದಿನಾ ಎಲ್ಲಿಗೆ ಹೋಗ್ತಿದ್ದೆ ಅಮ್ಮ?"